ಕ್ಷಯರೋಗಿಯ ರಕ್ತದಲ್ಲಿ ಯಾವ ಇಂಟರ್‌ಫೆರಾನ್?

ಇಂಟರ್‌ಫೆರಾನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ವೈರಸ್. ಹೆಪಟೈಟಿಸ್ ರೋಗಿಗಳಿಗೆ ತಿಂಗಳುಗಟ್ಟಲೆ ಕೊಡುತ್ತಿದ್ದ ಚುಚ್ಚುಮದ್ದಿನ ಹೆಸರಾಗಿ, ಜೀವಶಾಸ್ತ್ರದ ಪಠ್ಯದಲ್ಲಿ ಪರೀಕ್ಷೆಗೆಂದು ಓದಿದ ಒಂದೆರಡು ಸಾಲಾಗಿ ಅದು ನಮಗೆ ಪರಿಚಯ. ಸೋಂಕು ತಗುಲಿದಾಗ ನಮ್ಮ ಕೋಶಗಳು ಸ್ರವಿಸುವ ಸಂದೇಶವಾಹಕ ಪ್ರೋಟೀನು ಅದು. ಆದರೆ ಕ್ಷಯರೋಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಅದರ ಬಿಳಿ ರಕ್ತಕಣಗಳಲ್ಲಿ ಯಾವ ಯಾವ ಜೀನುಗಳು ಎಚ್ಚೆತ್ತಿವೆ ಎಂದು ಎಣಿಸಿದರೆ, ಎದ್ದು ಕಾಣುವುದು ಇದೇ ಇಂಟರ್‌ಫೆರಾನ್‌ನ ಗುರುತು. ಕ್ಷಯಕ್ಕೆ ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾ.

ಈ ಗುರುತನ್ನು ಸ್ಪಷ್ಟವಾಗಿ ತೋರಿಸಿದ್ದು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಆ್ಯನ್ ಓಗಾರಾ ಮತ್ತು ಸಂಗಡಿಗರು ಲಂಡನ್ ಹಾಗೂ ಕೇಪ್ ಟೌನ್‌ನ ರೋಗಿಗಳ ರಕ್ತದಲ್ಲಿ, ಜೀನುಗಳು ಎಷ್ಟು ಚುರುಕಾಗಿವೆ ಎಂದು ತೋರಿಸುವ 393 ಆರ್‌ಎನ್‌ಎ ಪ್ರತಿಗಳ ಒಂದು ಮಾದರಿಯನ್ನು ಗುರುತಿಸಿದರು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಎಷ್ಟು ಹಾಳಾಗಿ ಕಾಣುತ್ತದೋ ಈ ಗುರುತೂ ಅಷ್ಟೇ ಗಾಢವಾಗಿತ್ತು. ಔಷಧ ಆರಂಭಿಸಿದ ಎರಡು ತಿಂಗಳಲ್ಲಿ ಅದು ಇಳಿಯತೊಡಗಿತ್ತು. ಅಂದರೆ ಇಂಟರ್‌ಫೆರಾನ್‌ನ ಪ್ರಭಾವ ಹೆಚ್ಚಿದ್ದ ರೋಗಿಯ ಸ್ಥಿತಿ ಉತ್ತಮವಾಗಿರಲಿಲ್ಲ, ಇನ್ನಷ್ಟು ಕೆಟ್ಟಿತ್ತು.

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೋವಿಡ್ ನಂತರ ಕಷಾಯದ ಪುಡಿಯಿಂದ ಮಾತ್ರೆಯವರೆಗೆ ಎಲ್ಲವೂ ಆ ನಂಬಿಕೆಯ ಮೇಲೆಯೇ ಮಾರಾಟವಾಗಿವೆ. ಕ್ಷಯದ ರಕ್ತ ಈ ನಂಬಿಕೆಗೆ ಎದುರಾಡುತ್ತದೆ. ಬಿಳಿ ರಕ್ತಕಣಗಳು ಇಂಟರ್‌ಫೆರಾನ್ ತಯಾರಿಸಿದವು ಎಂಬಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಯಾವ ಇಂಟರ್‌ಫೆರಾನ್, ಯಾವ ಕಣದಿಂದ, ಸೋಂಕಿನ ಯಾವ ಹಂತದಲ್ಲಿ ಎಂದು ಕೇಳಲೇಬೇಕು. 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗುಲಿತು, 12.5 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಗಳಲ್ಲಿ ನಾಲ್ಕರಲ್ಲೊಬ್ಬರಿಗಿಂತ ತುಸು ಹೆಚ್ಚು ಮಂದಿ ಭಾರತದವರು. ಹಾಗಾಗಿ ಈ ಪ್ರಶ್ನೆ ಪ್ರಯೋಗಾಲಯದ ಕುತೂಹಲಕ್ಕಷ್ಟೇ ಸೇರಿದ್ದಲ್ಲ.

ಇಂಟರ್‌ಫೆರಾನ್ ಎಂಬ ಹೆಸರು ಹುಟ್ಟಿದ್ದೂ ಮಿಲ್ ಹಿಲ್‌ನ ಅದೇ ಸಂಸ್ಥೆಯಲ್ಲಿ. 1957ರಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯ ಮೇಲೆ, ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ ಇಟ್ಟು, ಆ ಪೊರೆ ಸ್ರವಿಸಿದ ಒಂದು ವಸ್ತು ಇತರ ವೈರಸ್‌ಗಳನ್ನೂ ತಡೆಯುವುದನ್ನು ಕಂಡರು. ವೈರಸ್‌ನ ನಂಟು ಅಲ್ಲಿಂದ ಅಂಟಿಕೊಂಡಿತು. ಆದರೆ ಏಳೇ ವರ್ಷಗಳಲ್ಲಿ, 1964ರಲ್ಲಿ, ಅಮೆರಿಕದ ಸ್ಟೈನ್‌ಬ್ರಿಂಗ್ ಮತ್ತು ಯಂಗ್ನರ್ ಇಲಿಗಳಿಗೆ ಬ್ಯಾಕ್ಟೀರಿಯಾ ಅಥವಾ ಅದರ ಹೊರಪೊರೆಯ ವಿಷವನ್ನು ಕೊಟ್ಟರೂ ರಕ್ತದಲ್ಲಿ ಇಂಟರ್‌ಫೆರಾನ್ ಕಾಣಿಸಿಕೊಳ್ಳುತ್ತದೆ ಎಂದು ವರದಿ ಮಾಡಿದರು. ಮರುವರ್ಷ ಫ್ರೆಡರಿಕ್ ವೀಲಾಕ್ ಮನುಷ್ಯನ ಬಿಳಿ ರಕ್ತಕಣಗಳಿಗೆ ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನನ್ನು ಸೇರಿಸಿದಾಗ, ಗುಣದಲ್ಲಿ ತುಸು ಬೇರೆಯದೇ ಆದ ಇಂಟರ್‌ಫೆರಾನ್ ಹೊರಬಂದಿತು. 1969ರ ಹೊತ್ತಿಗೆ ಮಾನವ ರಕ್ತದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ ಕ್ಷಯದ ಬ್ಯಾಕ್ಟೀರಿಯಾದ ಸಾರವಾದ ಟ್ಯುಬರ್‌ಕ್ಯುಲಿನ್ ಸೇರಿಸಿದರೂ ಅಂಥದೇ ವಸ್ತು ಬರುವುದು ಗೊತ್ತಾಗಿತ್ತು. ವೀಲಾಕ್ ಕಂಡ ಆ ಬೇರೆ ಬಗೆಗೆ ಮುಂದೆ ಗಾಮಾ ಇಂಟರ್‌ಫೆರಾನ್ ಎಂದು ಹೆಸರಾಯಿತು. ಐಸಾಕ್ಸ್ ಕಂಡದ್ದು ಆಲ್ಫಾ, ಬೀಟಾಗಳ ಗುಂಪು, ಅಂದರೆ ಮೊದಲ ವರ್ಗದ ಇಂಟರ್‌ಫೆರಾನ್.

ಹೆಸರು ಒಂದೇ ಆದರೂ ಇವೆರಡೂ ಒಂದೇ ಕುಟುಂಬದ ಪ್ರೋಟೀನುಗಳಲ್ಲ. ರಚನೆ ಬೇರೆ, ಕೋಶದ ಮೇಲೆ ಅವು ಕೂರುವ ಗ್ರಾಹಕಗಳು ಬೇರೆ, ಅವನ್ನು ತಯಾರಿಸುವ ಬಿಳಿ ರಕ್ತಕಣಗಳೂ ಬೇರೆ.

ಮೊದಲ ವರ್ಗದ್ದನ್ನು ಬ್ಯಾಕ್ಟೀರಿಯಾದ ವಿರುದ್ಧ ತಯಾರಿಸುವವು ಮುಖ್ಯವಾಗಿ ಮೊನೊಸೈಟ್‌ಗಳು, ಅವುಗಳಿಂದ ಹುಟ್ಟುವ ಮ್ಯಾಕ್ರೋಫೇಜ್‌ಗಳು ಮತ್ತು ಡೆಂಡ್ರಿಟಿಕ್ ಕೋಶಗಳು. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿದ ಒಂದು ಅಣು ಇರುತ್ತದೆ. ಅದನ್ನು ಗುರುತಿಸುವುದು ಟಿಎಲ್‌ಆರ್-4 ಎಂಬ ಗ್ರಾಹಕ. ಬ್ರೂಸ್ ಬಾಯ್ಟ್ಲರ್ ತಂಡ 1998ರಲ್ಲಿ ಈ ನಂಟನ್ನು ಪತ್ತೆ ಹಚ್ಚಿತು, 2011ರ ನೊಬೆಲ್ ಪ್ರಶಸ್ತಿಯ ಒಂದು ಪಾಲು ಅವರಿಗೆ ಸಂದಿತು. ಈ ಗ್ರಾಹಕ ಎರಡು ಕಡೆಗಳಿಂದ ಸುದ್ದಿ ಕಳುಹಿಸುತ್ತದೆ. ಕೋಶದ ಹೊರಮೈಯಲ್ಲಿದ್ದಾಗ ಉರಿಯೂತದ ರಾಸಾಯನಿಕಗಳಿಗೆ ಚಾಲನೆ ಕೊಡುತ್ತದೆ. ಬ್ಯಾಕ್ಟೀರಿಯಾದ ಅಣುವನ್ನು ಹಿಡಿದುಕೊಂಡು ಕೋಶದ ಒಳಕ್ಕೆ ಸರಿದ ಮೇಲೆ ಐಆರ್‌ಎಫ್-3 ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಆ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಬೀಟಾ ಇಂಟರ್‌ಫೆರಾನ್‌ನ ಜೀನನ್ನು ತೆರೆಯುತ್ತದೆ. ಕಣ ಬ್ಯಾಕ್ಟೀರಿಯಾವನ್ನು ಮುಟ್ಟಿದೆಯೋ ಅಥವಾ ಒಳಕ್ಕೆ ತೆಗೆದುಕೊಂಡಿದೆಯೋ ಎಂಬುದಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ.

ಕ್ಷಯದ ಬ್ಯಾಕ್ಟೀರಿಯಾ ಹಿಡಿಯುವ ದಾರಿ ಇದಕ್ಕಿಂತ ಸೂಕ್ಷ್ಮ. ಉಸಿರಿನೊಂದಿಗೆ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೆ ಬಂದ ಅದನ್ನು ಮ್ಯಾಕ್ರೋಫೇಜ್ ನುಂಗುತ್ತದೆ. ನುಂಗಿದ್ದು ಒಂದು ಪೊರೆಯ ಚೀಲದೊಳಗೆ ಬಂದಿಯಾಗಿರುತ್ತದೆ. ಆ ಚೀಲ ಆಮ್ಲೀಯವಾಗಿ, ಜೀರ್ಣರಸದ ಚೀಲಗಳೊಡನೆ ಸೇರಿ, ಒಳಗಿದ್ದುದನ್ನು ಕರಗಿಸಬೇಕು. ಕ್ಷಯದ ಬ್ಯಾಕ್ಟೀರಿಯಾ ಈ ಸೇರ್ಪಡೆಯನ್ನೇ ತಡೆದು ಒಳಗೇ ಬೀಡುಬಿಡುತ್ತದೆ. ಅದರ ಬಳಿ ಇಎಸ್‌ಎಕ್ಸ್-1 ಎಂಬ ಸ್ರಾವ ಯಂತ್ರವಿದೆ. ಇದರ ಮೂಲಕ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳು ಹೊರಬರುತ್ತವೆ, ಇದೇ ಯಂತ್ರದ ಕೆಲಸದಿಂದ ಚೀಲದ ಪೊರೆ ತೂತಾಗುತ್ತದೆ. ಆಗ ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಗಳು ಕೋಶದ್ರವಕ್ಕೆ ಸೋರುತ್ತವೆ.

ಮನುಷ್ಯಕೋಶದಲ್ಲಿ ಡಿಎನ್‌ಎ ಇರಬೇಕಾದದ್ದು ಕೋಶಕೇಂದ್ರದಲ್ಲಿ ಮತ್ತು ಮೈಟೊಕಾಂಡ್ರಿಯಾದಲ್ಲಿ. ಕೋಶದ್ರವದಲ್ಲಿ ಅದು ತೇಲುತ್ತಿದ್ದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಅದನ್ನು ಹಿಡಿಯುವುದು ಸಿಗ್ಯಾಸ್ ಎಂಬ ಕಿಣ್ವ. ಡಿಎನ್‌ಎಗೆ ಅಂಟಿಕೊಂಡೊಡನೆ ಅದು ಉಂಗುರದಾಕಾರದ ಒಂದು ಪುಟ್ಟ ಅಣುವನ್ನು ತಯಾರಿಸುತ್ತದೆ, ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಅಲ್ಲಿಂದ ಮತ್ತೆ ಐಆರ್‌ಎಫ್-3, ಮತ್ತೆ ಬೀಟಾ ಇಂಟರ್‌ಫೆರಾನ್. 2015ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಕ್ಷಯದ ಬ್ಯಾಕ್ಟೀರಿಯಾ ಈ ದಾರಿಯಲ್ಲಿ ಗುರುತಿಸಲ್ಪಡುತ್ತದೆ ಎಂದು ತೋರಿಸಿದವು. ವೈರಸ್‌ನ ಡಿಎನ್‌ಎ ಹಿಡಿಯಲೂ ನಮ್ಮ ಕೋಶಗಳು ಬಳಸುವುದು ಇದನ್ನೇ. ಅಂದರೆ ಕ್ಷಯದ ಬ್ಯಾಕ್ಟೀರಿಯಾ ಚೀಲವನ್ನು ಕೊರೆದು ಬಿಳಿ ರಕ್ತಕಣಕ್ಕೆ ಹೆಚ್ಚುಕಡಿಮೆ ವೈರಸ್ ಬಂದ ಸೂಚನೆಯನ್ನೇ ಕೊಡುತ್ತದೆ. ಇಎಸ್‌ಎಕ್ಸ್-1 ಇಲ್ಲದಂತೆ ಮಾಡಿದ ತಳಿಗಳು ಈ ಇಂಟರ್‌ಫೆರಾನನ್ನು ಅಷ್ಟಾಗಿ ಹುಟ್ಟಿಸುವುದಿಲ್ಲ. ಹುಟ್ಟಿದ ಮಗುವಿಗೆ ಕೊಡುವ ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾ ಸಹ ಅಂಥದೇ, ಅದರ ಜೀನುಗಳಲ್ಲಿ ಈ ಭಾಗವೇ ಕಳೆದುಹೋಗಿದೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ರಕ್ತಪರೀಕ್ಷೆಯ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಗಾಮಾ ಇಂಟರ್‌ಫೆರಾನ್. ಇದನ್ನು ಸ್ರವಿಸುವವು ಟಿ ಕೋಶಗಳು ಮತ್ತು ಎನ್‌ಕೆ ಕೋಶಗಳು, ಎರಡೂ ಲಿಂಫೋಸೈಟ್ ಬಳಗದವು. ಅವು ತಾವಾಗಿ ಶುರುಮಾಡುವುದಿಲ್ಲ. ಬ್ಯಾಕ್ಟೀರಿಯಾವನ್ನು ನುಂಗಿದ ಕೋಶಗಳು ಐಎಲ್-12 ಎಂಬ ಸಂದೇಶವಾಹಕವನ್ನು ಹೊರಬಿಡುತ್ತವೆ, ಬ್ಯಾಕ್ಟೀರಿಯಾದ ಪ್ರೋಟೀನು ಚೂರುಗಳನ್ನು ಟಿ ಕೋಶಕ್ಕೆ ತೋರಿಸುತ್ತವೆ. ಹಿಂದೆ ಆ ಚೂರನ್ನು ಕಂಡು ಗುರುತಿಟ್ಟುಕೊಂಡ ಟಿ ಕೋಶವಾದರೆ ಕೆಲವೇ ಗಂಟೆಗಳಲ್ಲಿ ಗಾಮಾ ಸುರಿಸುತ್ತದೆ. ಆ ಗಾಮಾ ಮರಳಿ ಮ್ಯಾಕ್ರೋಫೇಜ್‌ಗೆ ತಲುಪಿದಾಗ ಸ್ಥಗಿತಗೊಂಡಿದ್ದ ಕೆಲಸ ಮುಂದುವರಿಯುತ್ತದೆ: ಚೀಲ ಆಮ್ಲೀಯವಾಗುತ್ತದೆ, ಬ್ಯಾಕ್ಟೀರಿಯಾನಾಶಕ ಪೆಪ್ಟೈಡುಗಳು ತಯಾರಾಗುತ್ತವೆ, ಇಲಿಗಳಲ್ಲಾದರೆ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಇದು ಮನುಷ್ಯರಲ್ಲಿ ಎಷ್ಟು ಅನಿವಾರ್ಯ ಎಂಬುದನ್ನು ಕಲಿಸಿದವರು ಕೆಲವು ನತದೃಷ್ಟ ಮಕ್ಕಳು. ಗಾಮಾ ಇಂಟರ್‌ಫೆರಾನ್‌ನ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿದ್ದ ಮಕ್ಕಳ ಬಗ್ಗೆ 1996ರಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಒಂದರಲ್ಲಿ ಮಾಲ್ಟಾದ ಮಕ್ಕಳು, ಮಣ್ಣು ನೀರಿನಲ್ಲಿ ಸಾಮಾನ್ಯವಾಗಿ ಇರುವ, ಬೇರೆಯವರಿಗೆ ಏನೂ ಮಾಡದ ಮೈಕೋಬ್ಯಾಕ್ಟೀರಿಯಾಗಳಿಂದ ನರಳಿದವರು. ಇನ್ನೊಂದರಲ್ಲಿ ಬಿಸಿಜಿ ಚುಚ್ಚಿಸಿಕೊಂಡ ಮೇಲೆ ಲಸಿಕೆಯ ಬ್ಯಾಕ್ಟೀರಿಯಾವೇ ದೇಹವೆಲ್ಲ ಹರಡಿ ತೀರಿಕೊಂಡ ಒಂದು ಶಿಶು. ಲಕ್ಷಾಂತರ ಮಕ್ಕಳ ತೋಳಿನಲ್ಲಿ ಒಂದು ಪುಟ್ಟ ಕಲೆಯನ್ನಷ್ಟೇ ಬಿಟ್ಟುಹೋಗುವ ಲಸಿಕೆ ಈ ಮಗುವಿಗೆ ಮಾರಕವಾಯಿತು, ಅದಕ್ಕೆ ಕಾರಣ ಒಂದೇ ಒಂದು ಗ್ರಾಹಕದ ದೋಷ. ವಯಸ್ಕರಲ್ಲೂ ಇದಕ್ಕೆ ಸಮೀಪದ ಸ್ಥಿತಿಯಿದೆ. ಥಾಯ್ಲೆಂಡ್ ಮತ್ತು ತೈವಾನ್‌ನಲ್ಲಿ ಎಚ್‌ಐವಿ ಇಲ್ಲದಿದ್ದರೂ ಇಂಥ ಸೋಂಕುಗಳು ಪದೇಪದೇ ಬರುತ್ತಿದ್ದ ರೋಗಿಗಳಲ್ಲಿ ಹೆಚ್ಚಿನವರ ದೇಹ ತನ್ನದೇ ಗಾಮಾ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರುವುದು 2012ರಲ್ಲಿ ಗೊತ್ತಾಯಿತು. ಅದೇ ಮೊದಲ ವರ್ಗದ ಗ್ರಾಹಕ ಇಲ್ಲದೆ ಹುಟ್ಟಿದ ಮಕ್ಕಳನ್ನು ನೋಡಿದರೆ ಅವರಿಗೆ ಅಪಾಯ ತಂದದ್ದು ವೈರಸ್‌ಗಳು, ದಡಾರದಂಥ ಜೀವಂತ ವೈರಸ್ ಲಸಿಕೆಗಳು. ಮೈಕೋಬ್ಯಾಕ್ಟೀರಿಯಾ ಅವರ ಮುಖ್ಯ ತೊಂದರೆಯಲ್ಲ. ಪ್ರಕೃತಿಯೇ ನಡೆಸಿದ ಈ ಕ್ರೂರ ಪ್ರಯೋಗದ ಉತ್ತರ ಸ್ಪಷ್ಟ: ಕ್ಷಯದ ಬಳಗದ ಎದುರು ಮನುಷ್ಯನನ್ನು ಕಾಯುವುದು ಗಾಮಾ.

ಹಾಗಿದ್ದರೆ ಕ್ಷಯರೋಗಿಯ ರಕ್ತದಲ್ಲಿ ಅಷ್ಟು ದಟ್ಟವಾಗಿ ಕಾಣುವ ಗುರುತು ಯಾವುದರದು? ಎರಡೂ ಇಂಟರ್‌ಫೆರಾನ್‌ಗಳು ಎಬ್ಬಿಸುವ ಜೀನುಗಳಲ್ಲಿ ಹಲವು ಒಂದೇ ಆದರೂ, ಮೊದಲ ವರ್ಗದ ಪಾಲು ಅಲ್ಲಿ ಎದ್ದು ಕಾಣುತ್ತದೆ. 2010ರ ಅಧ್ಯಯನದಲ್ಲಿ ಆ ಜೀನುಗಳು ಹೆಚ್ಚು ಚುರುಕಾಗಿದ್ದದ್ದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ. ಅವು ಇಂಟರ್‌ಫೆರಾನ್‌ನ ಮೂಲ ಎನ್ನುವುದಕ್ಕಿಂತ, ಬೇರೆ ಕೋಶಗಳು ಹೊರಬಿಟ್ಟ ಇಂಟರ್‌ಫೆರಾನ್‌ಗೆ ಓಗೊಟ್ಟ ಕಣಗಳು.

ಈ ಎರಡರ ನಡುವಿನ ಜಟಾಪಟಿಯನ್ನು ಕಣ್ಣಾರೆ ತೋರಿಸುವ ರೋಗ ಕುಷ್ಠ. ಶ್ವಾಸಕೋಶದ ಆಳದಲ್ಲಿ ನಡೆಯುವುದನ್ನು ನೋಡುವುದು ಕಷ್ಟ. ಕುಷ್ಠದಲ್ಲಿ ಎಲ್ಲವೂ ಚರ್ಮದಲ್ಲೇ ನಡೆಯುತ್ತದೆ. ಕಾರಣವಾದ ಬ್ಯಾಕ್ಟೀರಿಯಾ ಕ್ಷಯದ್ದರ ದಾಯಾದಿ. ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಕುಷ್ಠದ ಒಂದು ತುದಿಯಲ್ಲಿ ಮೈಮೇಲೆ ಒಂದೋ ಎರಡೋ ಮಚ್ಚೆ, ಅಂಚು ಸ್ಪಷ್ಟ, ಮುಟ್ಟಿದರೆ ಸ್ಪರ್ಶವಿಲ್ಲ, ಆ ಮಚ್ಚೆಯ ಚೂರಿನಲ್ಲಿ ಬ್ಯಾಕ್ಟೀರಿಯಾ ಹುಡುಕಿದರೂ ಸಿಗುವುದು ಅಪರೂಪ. ಇನ್ನೊಂದು ತುದಿಯಲ್ಲಿ ಮುಖ, ಕಿವಿಯ ಹಾಲೆಗಳೆಲ್ಲ ದಪ್ಪಗಾಗಿ ಗಂಟುಕಟ್ಟಿ, ಪ್ರತಿ ಮ್ಯಾಕ್ರೋಫೇಜ್‌ನಲ್ಲೂ ಬ್ಯಾಕ್ಟೀರಿಯಾ ಕಟ್ಟುಕಟ್ಟಾಗಿ ತುಂಬಿರುತ್ತದೆ. ಬ್ಯಾಕ್ಟೀರಿಯಾ ಎರಡೂ ಕಡೆ ಒಂದೇ. ಬೇರೆಯಾಗಿರುವುದು ರೋಗಿಯ ಬಿಳಿ ರಕ್ತಕಣಗಳ ಉತ್ತರ.

2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಎರಡೂ ಬಗೆಯ ಮಚ್ಚೆಗಳ ಚರ್ಮವನ್ನು ಪಕ್ಕಪಕ್ಕ ಇಟ್ಟು ನೋಡಲಾಯಿತು. ಒಂದೆರಡು ಮಚ್ಚೆಯಲ್ಲೇ ನಿಂತ ರೋಗಿಗಳ ಚರ್ಮದಲ್ಲಿ ಗಾಮಾ ಇಂಟರ್‌ಫೆರಾನ್‌ನ ಗುರುತು, ಮೈತುಂಬ ಹರಡಿದವರ ಚರ್ಮದಲ್ಲಿ ಬೀಟಾದ ಗುರುತು. ಕೋಶಗಳನ್ನು ಬೆಳೆಸಿ ಪರೀಕ್ಷಿಸಿದಾಗ ಬೀಟಾವು ಐಎಲ್-10 ಎಂಬ ಶಾಮಕ ಸಂದೇಶವಾಹಕವನ್ನು ಹೆಚ್ಚಿಸಿ, ಗಾಮಾದಿಂದ ಆಗಬೇಕಿದ್ದ ಬ್ಯಾಕ್ಟೀರಿಯಾನಾಶಕ ಕೆಲಸವನ್ನೇ ತಡೆಯಿತು. ಆ ಕೆಲಸಕ್ಕೆ ವಿಟಮಿನ್ ಡಿ ಬೇಕು ಎಂಬುದೂ ಇದೇ ಬಗೆಯ ಸಂಶೋಧನೆಗಳಿಂದ ತಿಳಿದಿತ್ತು. ಕೂಡಲೇ ವಿಟಮಿನ್ ಡಿ ಮಾತ್ರೆ ನುಂಗಿದರೆ ಕ್ಷಯ ಬರುವುದಿಲ್ಲ ಎಂದು ಹಾರಬಾರದು. ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಡಿ ಕೊಟ್ಟು ಮೂರು ವರ್ಷ ಗಮನಿಸಿದ ಪ್ರಯೋಗದಲ್ಲಿ ಕ್ಷಯದ ಸೋಂಕು ಕಡಿಮೆಯಾಗಲಿಲ್ಲ. ಕೋಶದಲ್ಲಿ ಕಂಡ ಒಂದು ಕೊಂಡಿಯನ್ನು ನೇರ ಔಷಧದಂಗಡಿಗೆ ಒಯ್ಯುವ ಆತುರದಿಂದ ಆಗುವ ನಷ್ಟ ಬಡವರ ಜೇಬಿನದು.

ಬೀಟಾ ಗಾಮಾವನ್ನು ತಡೆಯುವ ಇನ್ನೊಂದು ಬಗೆಯನ್ನು ಲಿಸ್ಟೀರಿಯಾ ಕಲಿಸಿತು. ಕಾಯಿಸದ ಹಾಲು, ಅಂಥ ಹಾಲಿನ ಚೀಸ್‌ಗಳಿಂದ ಬರುವ ಈ ಬ್ಯಾಕ್ಟೀರಿಯಾ ನೇರ ಕೋಶದ್ರವಕ್ಕೇ ನುಗ್ಗುತ್ತದೆ, ತಾನು ಸ್ರವಿಸುವ ಒಂದು ಉಂಗುರದ ಅಣುವಿನಿಂದಲೇ ಸ್ಟಿಂಗ್ ಅನ್ನು ಎಬ್ಬಿಸುತ್ತದೆ. 2004ರಲ್ಲಿ ಮೂರು ತಂಡಗಳು ಮೊದಲ ವರ್ಗದ ಗ್ರಾಹಕ ಇಲ್ಲದ ಇಲಿಗಳಿಗೆ ಲಿಸ್ಟೀರಿಯಾ ಕೊಟ್ಟು ನೋಡಿದವು. ಗ್ರಾಹಕ ಇಲ್ಲದ ಇಲಿಗಳೇ ಹೆಚ್ಚು ಬದುಕಿದವು! ಈ ಇಂಟರ್‌ಫೆರಾನ್ ಇದ್ದಾಗ ಲಿಂಫೋಸೈಟ್‌ಗಳು ಸಾಯುತ್ತವೆ, ಮ್ಯಾಕ್ರೋಫೇಜ್‌ಗಳ ಮೈಮೇಲಿನ ಗಾಮಾ ಗ್ರಾಹಕಗಳೂ ಕಡಿಮೆಯಾಗುತ್ತವೆ ಎಂಬುದು ಮುಂದೆ ತಿಳಿಯಿತು. ಟಿ ಕೋಶ ಎಷ್ಟೇ ಗಾಮಾ ಸುರಿಸಿದರೂ ಮ್ಯಾಕ್ರೋಫೇಜ್‌ಗೆ ಅದು ಕೇಳಿಸದಂತೆ ಕಿವಿ ಮುಚ್ಚಿದ ಹಾಗೆ.

ಇನ್‌ಫ್ಲುಯೆಂಜಾ ಬಂದವರಿಗೆ ಹಿಂದೆಯೇ ನ್ಯುಮೋನಿಯಾ ಏಕೆ ತಗುಲುತ್ತದೆ ಎಂಬುದಕ್ಕೂ ಇಲ್ಲಿ ಅರ್ಧ ಉತ್ತರವಿದೆ. ವೈರಸ್ ಹುಟ್ಟಿಸಿದ ಮೊದಲ ವರ್ಗದ ಇಂಟರ್‌ಫೆರಾನ್ ಶ್ವಾಸಕೋಶಕ್ಕೆ ನ್ಯೂಟ್ರೋಫಿಲ್‌ಗಳನ್ನು ಕರೆತರುವ ಸಂದೇಶಗಳನ್ನು ತಗ್ಗಿಸುತ್ತದೆ, ಆ ದಿನಗಳಲ್ಲಿ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಬಂದರೆ ತಡೆಯುವವರಿಲ್ಲ. ಇಲಿಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ವೈರಸ್‌ನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂದು ಉಳಿಸಿಟ್ಟ ಶ್ವಾಸಕೋಶದ ಚೂರುಗಳ ಪರೀಕ್ಷೆ ಹೇಳುತ್ತದೆ.

ಆದರೆ ಮೊದಲ ವರ್ಗವನ್ನು ಖಳನಾಯಕನ ಸ್ಥಾನದಲ್ಲಿ ಕೂರಿಸುವುದೂ ತಪ್ಪು. ನವಜಾತ ಶಿಶುಗಳನ್ನು ಕಾಡುವ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎದುರು ಇದೇ ಇಂಟರ್‌ಫೆರಾನ್ ಇಲಿಗಳನ್ನು ಕಾಯುತ್ತದೆ. ಎಲ್ಲಕ್ಕೂ ಒಂದೇ ಸೂತ್ರವಿಲ್ಲ. ಕ್ಷಯದ ವಿಚಾರದಲ್ಲಿ ಮಾತ್ರ ಸಾಕ್ಷ್ಯ ಒಂದೇ ಕಡೆ ವಾಲುತ್ತಿದೆ ಎಂಬುದು ನನ್ನ ತಿಳಿವಳಿಕೆ: ದೀರ್ಘಕಾಲ, ಹೆಚ್ಚು ಪ್ರಮಾಣದಲ್ಲಿ ಮೊದಲ ವರ್ಗ ಇದ್ದರೆ ಐಎಲ್-1 ಎಂಬ ಉಪಯುಕ್ತ ಸಂದೇಶವಾಹಕ ತಗ್ಗುತ್ತದೆ, ಐಎಲ್-10 ಏರುತ್ತದೆ, ರೋಗ ಹದಗೆಡುತ್ತದೆ. ಹೆಪಟೈಟಿಸ್‌ಗೆಂದು ಆಲ್ಫಾ ಇಂಟರ್‌ಫೆರಾನ್ ಚುಚ್ಚಿಸಿಕೊಳ್ಳುತ್ತಿದ್ದವರಲ್ಲಿ ಮಲಗಿದ್ದ ಕ್ಷಯ ಎದ್ದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ನೋಡಿದರೆ ನಮ್ಮ ಲ್ಯಾಬ್‌ಗಳಲ್ಲಿ ‘ಟಿಬಿ ಗೋಲ್ಡ್’ ಎಂದು ಕರೆಯುವ ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ತಿಳಿಯಾಗುತ್ತದೆ. ನಾಲ್ಕು ಪುಟ್ಟ ನಳಿಕೆಗಳು, ಒಂದೊಂದಕ್ಕೂ ಒಂದು ಮಿಲಿಲೀಟರ್ ರಕ್ತ. ಬೂದು ಮುಚ್ಚಳದ್ದರಲ್ಲಿ ಏನೂ ಇರುವುದಿಲ್ಲ. ಹಸಿರು ಮತ್ತು ಹಳದಿ ಮುಚ್ಚಳದವುಗಳ ಒಳಗೋಡೆಗೆ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಪ್ರೋಟೀನುಗಳ ಚೂರುಗಳನ್ನು ಲೇಪಿಸಿರುತ್ತಾರೆ, ಇಎಸ್‌ಎಕ್ಸ್-1 ಯಂತ್ರ ಹೊರಬಿಡುವ ಅವೇ ಎರಡು. ನೇರಳೆ ಮುಚ್ಚಳದ್ದರಲ್ಲಿ ಎಲ್ಲ ಟಿ ಕೋಶಗಳನ್ನೂ ಕೆರಳಿಸುವ ವಸ್ತು, 1965ರಲ್ಲಿ ವೀಲಾಕ್ ಬಳಸಿದ ರಾಜ್ಮಾದ ಪ್ರೋಟೀನು. ನಳಿಕೆಗಳನ್ನು ಅಲುಗಿಸಿ, ಮೈಬಿಸಿಯಷ್ಟೇ 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು, ಮರುದಿನ ಪ್ಲಾಸ್ಮಾದಲ್ಲಿ ಎಷ್ಟು ಗಾಮಾ ಇಂಟರ್‌ಫೆರಾನ್ ಸೇರಿದೆ ಎಂದು ಅಳೆಯುತ್ತಾರೆ. ಬೂದು ನಳಿಕೆಯ ಲೆಕ್ಕ ಕಳೆದು ಹಸಿರಿನಲ್ಲೋ ಹಳದಿಯಲ್ಲೋ 0.35 ಘಟಕ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸಿಟಿವ್. ಕೆರಳಿಸಿದರೂ ನೇರಳೆ ನಳಿಕೆಯ ಕೋಶಗಳು ಸುಮ್ಮನಿದ್ದರೆ, ಆ ವ್ಯಕ್ತಿಯ ಲಿಂಫೋಸೈಟ್‌ಗಳೇ ದುರ್ಬಲವಾಗಿವೆ ಎಂದು ಫಲಿತಾಂಶವನ್ನು ಅನಿಶ್ಚಿತ ಎಂದು ಬರೆಯುತ್ತಾರೆ.

ಬಿಸಿಜಿಯಲ್ಲಿ ಇಎಸ್‌ಎಕ್ಸ್-1 ಇಲ್ಲ, ಹಾಗಾಗಿ ಲಸಿಕೆ ಪಡೆದ ಮಾತ್ರಕ್ಕೆ ಯಾರೂ ಪಾಸಿಟಿವ್ ಆಗುವುದಿಲ್ಲ, ಹಳೆಯ ಟ್ಯುಬರ್‌ಕ್ಯುಲಿನ್ ಚರ್ಮಪರೀಕ್ಷೆಗಿಂತ ಇದರ ಅನುಕೂಲ ಇದು. ಆದರೆ ಈ ಪರೀಕ್ಷೆ ಕೇಳುವ ಪ್ರಶ್ನೆ ಒಂದೇ: ಈ ಟಿ ಕೋಶಗಳಿಗೆ ಕ್ಷಯದ ಬ್ಯಾಕ್ಟೀರಿಯಾದ ನೆನಪು ಇದೆಯೇ? ಈಗ ರೋಗವಿದೆಯೇ ಎಂದು ಅದು ಕೇಳುವುದೇ ಇಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ವರ್ಷ ಮೀರಿದ ಭಾರತೀಯರಲ್ಲಿ ಹತ್ತರಲ್ಲಿ ಮೂವರಷ್ಟು ಜನರಲ್ಲಿ ಈ ಸೋಂಕಿನ ಗುರುತು ಕಂಡಿತು. ಅವರಲ್ಲಿ ಬಹುಪಾಲು ಜನ ಆರೋಗ್ಯವಂತರು. ಹೀಗೆ ರೋಗಲಕ್ಷಣವಿಲ್ಲದ ಸುಪ್ತ ಸೋಂಕಿರುವವರಲ್ಲಿ ಜೀವಮಾನದಲ್ಲಿ ರೋಗಕ್ಕೆ ತುತ್ತಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಇನ್ನೊಂದು ಬದಿಯಲ್ಲಿ, ತೀವ್ರ ಕ್ಷಯದಿಂದ ಬಳಲಿ ಬಸವಳಿದ ರೋಗಿಯ ಟಿ ಕೋಶಗಳು ಕೆಲವೊಮ್ಮೆ ಗಾಮಾ ಸುರಿಸಲಾರದೆ ಪರೀಕ್ಷೆ ನೆಗೆಟಿವ್ ಬರುತ್ತದೆ.

ಆದ್ದರಿಂದಲೇ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಕ್ರಿಯ ಶ್ವಾಸಕೋಶದ ಕ್ಷಯ ಪತ್ತೆಗೆ ಇದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತು. ಮರುವರ್ಷ ಭಾರತ ಸರ್ಕಾರ ಪ್ರತಿಕಾಯ ಆಧಾರಿತ ಕ್ಷಯ ಕಿಟ್‌ಗಳನ್ನು ನಿಷೇಧಿಸಿತು. ಗಾಮಾ ಪರೀಕ್ಷೆ ನಿಷೇಧವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಕ್ಷಯರೋಗಿ ಇರುವವರಿಗೆ, ಸಂಧಿವಾತಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಇಲ್ಲವೇ ಟೊಫಾಸಿಟಿನಿಬ್‌ನಂಥ ಔಷಧ ಆರಂಭಿಸುವವರಿಗೆ ಅದು ನಿಜಕ್ಕೂ ಬೇಕು. ಟೊಫಾಸಿಟಿನಿಬ್ ತಡೆಯುವುದು ಇಂಟರ್‌ಫೆರಾನ್‌ಗಳ ಸಂದೇಶ ಕೋಶದೊಳಗೆ ಸಾಗುವ ದಾರಿಯನ್ನೇ. ಅಂಥ ಔಷಧಕ್ಕೆ ಮೊದಲು ಸುಪ್ತ ಸೋಂಕು ಇದೆಯೇ ಎಂದು ನೋಡದಿದ್ದರೆ ಅನಾಹುತವಾಗಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇರುವವರಿಗೆ ಮಾತ್ರ ಬೇಕಾದದ್ದು ಕಫದ ಪರೀಕ್ಷೆ ಮತ್ತು ಎಕ್ಸ್‌ರೇ. ಕಫದಲ್ಲಿ ಬ್ಯಾಕ್ಟೀರಿಯಾದ ಜೀನನ್ನೇ ಹುಡುಕುವ ಟ್ರೂನ್ಯಾಟ್ ಯಂತ್ರ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಹೀಗಿದ್ದೂ ಕೆಮ್ಮುತ್ತಿರುವ ಮನುಷ್ಯನಿಂದ ಸಾವಿರಾರು ರೂಪಾಯಿ ತೆಗೆದುಕೊಂಡು ‘ಟಿಬಿ ಗೋಲ್ಡ್’ ಮಾಡಿಸಿ, ಪಾಸಿಟಿವ್ ಬಂತೆಂದು ಆರು ತಿಂಗಳ ಔಷಧ ಶುರುಮಾಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನೆಗೆಟಿವ್ ಬಂತೆಂದು ಮನೆಗೆ ಕಳಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ರೋಗವನ್ನೇ ತೋರಿಸುವ ರಕ್ತಪರೀಕ್ಷೆ ಸಾಧ್ಯವೇ? ಅದಕ್ಕೆ ದಾರಿಯಾಗಿರುವುದು ಮೊದಲ ವರ್ಗದ ಗುರುತು. 2016ರಲ್ಲಿ ದಕ್ಷಿಣ ಆಫ್ರಿಕಾದ ಹದಿಹರೆಯದವರ ಅಧ್ಯಯನವೊಂದು 16 ಜೀನುಗಳ ಮಾದರಿಯಿಂದ ರೋಗ ಕಾಣಿಸಿಕೊಳ್ಳುವ ಒಂದು ವರ್ಷಕ್ಕೂ ಮುಂಚೆಯೇ ಸುಳಿವು ಹಿಡಿಯಬಹುದೆಂದು ತೋರಿಸಿತು. 2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಅವರ ತಂಡ ಹತ್ತು ಜೀನುಗಳ ಮಾದರಿಯೊಂದನ್ನು ಪ್ರಕಟಿಸಿತು. ಅದರಲ್ಲೂ ಇಂಟರ್‌ಫೆರಾನ್ ಎಬ್ಬಿಸುವ ಐಎಫ್‌ಐ44ಎಲ್ ಎಂಬ ಜೀನು ಇದೆ. ತೊಡಕು ಎಲ್ಲಿ ಎಂದರೆ, ಡೆಂಗಿ, ಫ್ಲೂ, ಎಚ್‌ಐವಿ ಎಲ್ಲವೂ ಇದೇ ಜೀನುಗಳಲ್ಲಿ ಹಲವನ್ನು ಎಬ್ಬಿಸುತ್ತವೆ. ಮಳೆಗಾಲದ ಬೆಂಗಳೂರಿನಲ್ಲಿ ಇಂಟರ್‌ಫೆರಾನ್‌ನ ಗುರುತೊಂದನ್ನೇ ನಂಬಿ ಕ್ಷಯ ಎನ್ನಲಾಗದು. ಯಾವ ಜೀನುಗಳನ್ನು ಆರಿಸಿ ಜೋಡಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಯಾವುದನ್ನು ಎಣಿಸಬೇಕು ಎಂಬ ಈ ತೊಡಕಿಗೆ ಹೆಚ್ಚು ಬೆಲೆ ತೆತ್ತದ್ದು ಲಸಿಕೆಯ ಕ್ಷೇತ್ರ. ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಎಂವಿಎ85ಎ ಎಂಬ ಲಸಿಕೆ ಗಾಮಾ ಸ್ರವಿಸುವ ಟಿ ಕೋಶಗಳನ್ನು ಚೆನ್ನಾಗಿ ಹೆಚ್ಚಿಸುತ್ತಿತ್ತು. ಅದೇ ಭರವಸೆಯಿಂದ ದಕ್ಷಿಣ ಆಫ್ರಿಕಾದ 2,797 ಶಿಶುಗಳಲ್ಲಿ ಪ್ರಯೋಗ ನಡೆಯಿತು. 2013ರಲ್ಲಿ ಫಲಿತಾಂಶ ಬಂದಾಗ ರಕ್ಷಣೆ ಕಾಣಲಿಲ್ಲ. ಗಾಮಾ ಇಲ್ಲದೆ ರಕ್ಷಣೆ ಇಲ್ಲ ಎಂಬುದು ನಿಜ, ಅದರಿಂದ ಗಾಮಾ ಹೆಚ್ಚಿದರೆ ರಕ್ಷಣೆಯೂ ಹೆಚ್ಚುತ್ತದೆ ಎಂದು ಹೇಳಲು ಬರುವುದಿಲ್ಲ. ರಕ್ತದಲ್ಲಿ ಸುತ್ತುವ ಟಿ ಕೋಶ ಶ್ವಾಸಕೋಶದ ಗಂಟಿನೊಳಗೆ, ಸೋಂಕಿತ ಮ್ಯಾಕ್ರೋಫೇಜ್‌ನ ಪಕ್ಕಕ್ಕೆ, ಹೊತ್ತಿಗೆ ಸರಿಯಾಗಿ ತಲುಪಬೇಕು. ಬಿಸಿಜಿಯ ಮರುಡೋಸ್ ವಿಚಾರದಲ್ಲೂ ಹೀಗೇ ಆಯಿತು. 2018ರಲ್ಲಿ ಗಾಮಾ ಪರೀಕ್ಷೆಯ ಆಧಾರದಿಂದ ಶೇಕಡ 45ರಷ್ಟು ಫಲ ಕಂಡಿತ್ತು, ಇನ್ನೂ ದೊಡ್ಡ ಪ್ರಯೋಗದಲ್ಲಿ ಅದು ಉಳಿಯಲಿಲ್ಲ. ಈಗ ಹೆಚ್ಚು ನಿರೀಕ್ಷೆ ಇರುವ ಎಂ72 ಲಸಿಕೆ ಹಿಂದಿನ ಹಂತದಲ್ಲಿ ಸುಪ್ತ ಸೋಂಕಿದ್ದ ವಯಸ್ಕರಲ್ಲಿ ಮೂರು ವರ್ಷಗಳ ಅವಧಿಗೆ ಸುಮಾರು ಅರ್ಧದಷ್ಟು ರೋಗವನ್ನು ತಡೆದಿತ್ತು. 2024ರಲ್ಲಿ ಆರಂಭವಾದ ಅದರ ಮೂರನೇ ಹಂತದಲ್ಲಿ ಲೆಕ್ಕ ಹಿಡಿಯುವುದು ರೋಗ ಬಂದವರನ್ನು. ಅದೇ ಸರಿ.

ಗಾಮಾವನ್ನು ಉಳಿಸಿಕೊಳ್ಳುವ ಇನ್ನೊಂದು ದಾರಿ ನಮ್ಮ ಕಣ್ಣೆದುರೇ ಇತ್ತು. 1996ರಲ್ಲಿ ಇಲಿಗಳಿಗೆ ಪ್ರೋಟೀನು ಕಡಿಮೆಯಿರುವ ಆಹಾರ ಕೊಟ್ಟು ಕ್ಷಯದ ಸೋಂಕು ಹತ್ತಿಸಿದ ಪ್ರಯೋಗದಲ್ಲಿ, ಅವುಗಳ ಶ್ವಾಸಕೋಶದಲ್ಲಿ ಗಾಮಾ ಇಂಟರ್‌ಫೆರಾನ್ ಕುಸಿಯಿತು, ಇಲಿಗಳು ಬೇಗ ಸತ್ತವು. ಪ್ರೋಟೀನನ್ನು ಮರಳಿ ಕೊಟ್ಟಾಗ ಚೇತರಿಸಿಕೊಂಡವು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ನಡೆಸಿದ ‘ರೇಷನ್ಸ್’ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳ ಮನೆಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ತಿಂಗಳುತಿಂಗಳೂ ಅಕ್ಕಿ, ಬೇಳೆ ಮತ್ತು ವಿಟಮಿನ್ ಮಾತ್ರೆಗಳು ಸಿಕ್ಕವು, ದಿನಕ್ಕೆ 750 ಕ್ಯಾಲೊರಿ ಮತ್ತು 23 ಗ್ರಾಂ ಪ್ರೋಟೀನಿನ ಲೆಕ್ಕದಲ್ಲಿ. ಆ ಗುಂಪಿನಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾದವರು ಶೇಕಡ 39ರಷ್ಟು ಕಡಿಮೆ. ಕಫದಲ್ಲಿ ಬ್ಯಾಕ್ಟೀರಿಯಾ ಕಾಣುವ ಸಾಂಕ್ರಾಮಿಕ ಕ್ಷಯವಂತೂ ಶೇಕಡ 48ರಷ್ಟು ಇಳಿಯಿತು. ಆ ಪ್ರಯೋಗದಲ್ಲಿ ಯಾರ ರಕ್ತದ ಇಂಟರ್‌ಫೆರಾನನ್ನೂ ಗುರಿಯಾಗಿಸಿ ಅಳೆದಿರಲಿಲ್ಲ. ಎಣಿಸಿದ್ದು ಕಾಯಿಲೆ ಬಿದ್ದವರನ್ನು ಮತ್ತು ಬೀಳದೆ ಉಳಿದವರನ್ನು.